ಟ್ಯಾಬಿಗೆ ಸಿಮ್ ಬೇಕಾ, ವೈಫೈ ಸಾಕಾ?

ಪ್ರತಿ ವರ್ಷ ಮೊದಲ ಸೆಮಿಸ್ಟರ್ ಶುರುವಾಗಿ ಹದಿನೈದು ದಿನಕ್ಕೆ ಈ ಪ್ರಶ್ನೆ ಬಂದೇ ಬರ್ತದೆ. ಜೂನಿಯರ್‌ಗಳು ಬಂದು ಕೇಳ್ತಾರೆ: "ಅಣ್ಣಾ, ಟ್ಯಾಬ್ ತಗೋಬೇಕಂತ ಮಾಡೀನಿ, ಸಿಮ್ ಹಾಕೋದು ತಗೊಳ್ಳಲಾ, ಬರೀ ವೈಫೈದು ತಗೊಳ್ಳಲಾ?" ಅಂಗಡಿಯವನು ಸಿಮ್ ಇರೋದನ್ನೇ ತೋರಿಸ್ತಾನೆ, ಅವನಿಗೆ ಅದರಲ್ಲಿ ಲಾಭ. ಯೂಟ್ಯೂಬಿನಲ್ಲಿ ರಿವ್ಯೂ ಮಾಡೋರು ವೈಫೈ ಸಾಕು ಅಂತಾರೆ, ಅವರು ಕೂತಿರೋದು ಬೆಂಗಳೂರಿನಲ್ಲಿ. ಇಬ್ಬರೂ ಕೇಳದ ಪ್ರಶ್ನೆ ಒಂದದೆ: ನೀವು ಆ ಟ್ಯಾಬನ್ನು ತಗೊಂಡು ಹೋಗೋ ಊರು ಯಾವುದು?

ನಾವು ಮೂರು ನಾಲ್ಕು ಜನ ಮಾನ್ವಿ, ಸಿರವಾರ, ದೇವದುರ್ಗ ಕಡೆಯವರು. ಒಬ್ಬರು ಮಲ್ಲಟದವರು. ಮಲ್ಲಟ ಮೊದಲು ಮಾನ್ವಿ ತಾಲೂಕು, ಸಿರವಾರ ಬೇರೆ ತಾಲೂಕು ಆದ ಮೇಲೆ ಅದರೊಳಗೆ ಬಂತು. ಕಾಲೇಜಿನಲ್ಲಿ ಇರೋವಾಗ ಈ ಪ್ರಶ್ನೆಗೆ ತೂಕ ಇಲ್ಲ. ಹಾಸ್ಟೆಲ್ ವೈಫೈ ಸತ್ತರೂ ರೂಮ್‌ಮೇಟ್ ಹಾಟ್‌ಸ್ಪಾಟ್ ಇರ್ತದೆ. ತೂಕ ಬರೋದು ರಜೆಯಲ್ಲಿ, ಎಲೆಕ್ಷನ್ ರಜಾ, ದಸರಾ ರಜಾ, ಸೆಮಿಸ್ಟರ್ ಮುಗಿದ ಮೇಲಿನ ಒಂದೂವರೆ ತಿಂಗಳು. ಇಂಟರ್ನ್‌ಶಿಪ್ ಅರ್ಜಿ, ಎನ್‌ಪಿಟಿಇಎಲ್ ಅಸೈನ್‌ಮೆಂಟ್, ಕಂಪನಿಗಳ ಆನ್‌ಲೈನ್ ಟೆಸ್ಟ್, ತಮ್ಮ ತಂಗಿಯರ ಸಿಇಟಿ ಆಪ್ಷನ್ ಎಂಟ್ರಿ ಎಲ್ಲ ಆವಾಗಲೇ ಬರ್ತವೆ. ಅದಕ್ಕೇ ಈ ಪ್ರಶ್ನೆಯನ್ನು ಕ್ಯಾಂಪಸ್ಸಿನಿಂದ ನೋಡದೆ ಊರಿಂದ ನೋಡಿ ಬರೆಯೋಣ ಅಂತ ಕೂತೆವು.

ಅಂಗೈ ಕಂಪ್ಯೂಟರಿಗೆ ನೆಟ್ ಹೆಂಗೆ ಜೋಡಿಸೋದು ಅನ್ನೋ ತಲೆನೋವು ನಮ್ಮ ರಾಜ್ಯಕ್ಕೆ ಹೊಸದಲ್ಲ. ಇಸಿ, ಸಿಎಸ್ ಓದೋರಲ್ಲೂ ಬಹಳ ಮಂದಿಗೆ ಸಿಂಪ್ಯೂಟರ್ ಗೊತ್ತಿಲ್ಲ, ಅದಕ್ಕೆ ಹೇಳ್ತೀವಿ. ಬೆಂಗಳೂರಿನ ಐಐಎಸ್‌ಸಿ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಇಂಜಿನಿಯರುಗಳು ಸೇರಿ ಹಳ್ಳಿ ಜನರಿಗೆ ಅಂತ ಮಾಡಿದ ಅಂಗೈ ಕಂಪ್ಯೂಟರ್ ಅದು. ಮಾದರಿ ಹೊರಬಿದ್ದದ್ದು 2001ರಲ್ಲಿ. ಲಿನಕ್ಸ್ ಓಡ್ತಿತ್ತು, ಓದಲು ಬಾರದವರಿಗೆ ನಮ್ಮ ಭಾಷೆಯಲ್ಲೇ ಮಾತಾಡಿ ತೋರಿಸೋದು ಅದರ ಗುರಿ. ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅದರ ಹಿಂದಿದ್ದವರು. 2004ರಲ್ಲಿ ಬಿಇಎಲ್ ಜೊತೆ ಸೇರಿ 'ಅಮಿಡಾ' ಅನ್ನೋ ಹೆಸರಲ್ಲಿ ಮಾರುಕಟ್ಟೆಗೂ ಬಂತು. ಕೈ ಅಲುಗಿಸಿದರೆ ಪುಟ ತಿರುಗೋ ಚಲನ ಸಂವೇದಕ ಅದರಲ್ಲಿತ್ತು, ಐಫೋನ್ ಹುಟ್ಟೋಕೆ ಮೂರು ವರ್ಷ ಮೊದಲು! ಕೊನೆಗೆ ಮಾರಾಟ ಆದದ್ದು ಕೆಲವೇ ಸಾವಿರ.

ಯಾಕೆ ಸೋತಿತು ಅನ್ನೋದಕ್ಕೆ ಕಾರಣ ಹಲವು. ನಮಗೆ ಮುಖ್ಯ ಅನಿಸಿದ್ದು ಒಂದು. ಆ ಯಂತ್ರ ಹೊರಜಗತ್ತಿಗೆ ಜೋಡಿಸಿಕೊಳ್ಳೋದಕ್ಕೆ ನೆಚ್ಚಿಕೊಂಡದ್ದು ಮೋಡೆಮ್ ಮತ್ತು ದೂರವಾಣಿ ತಂತಿಯನ್ನ. ಆಗಿನ ನಮ್ಮ ಹಳ್ಳಿಯಲ್ಲಿ ಲ್ಯಾಂಡ್‌ಲೈನ್ ಅಂದ್ರೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಮತ್ತು ಊರಗೌಡರ ಮನೆ. ಯಂತ್ರ ಹತ್ತು ಸಾವಿರಕ್ಕೆ ಸಿಕ್ಕರೂ ತಂತಿ ಯಾರ ಮನೆಯಲ್ಲಿತ್ತು? ಅದನ್ನು ಮಾಡಿದವರಿಗೆ ಬಡತನ ಗೊತ್ತಿತ್ತು. ಒಂದೇ ಸಿಂಪ್ಯೂಟರನ್ನು ಊರು ಹಂಚಿಕೊಳ್ಳಲಿ, ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಇರಲಿ ಅಂತ ಕಾರ್ಡ್ ರೀಡರ್ ಇಟ್ಟಿದ್ದರು. ಒಳ್ಳೆ ಯೋಚನೆ. ಇವತ್ತು ಅದು ತಿರುಗಿ ಬಿದ್ದಿದೆ. ಯಂತ್ರ ಒಬ್ಬೊಬ್ಬರಿಗೂ ಇದೆ, ಹಂಚಿಕೊಳ್ಳೋದು ಸಂಪರ್ಕವನ್ನ. ಆದರೆ ಸಂಪರ್ಕ ಹಂಚಿಕೊಳ್ಳೋದು ಹೆಂಗೆ ಅನ್ನೋದನ್ನ ಯಾರೂ ಕೂತು ವಿನ್ಯಾಸ ಮಾಡಿಲ್ಲ.

ಹತ್ತು ವರ್ಷ ಬಿಟ್ಟು ಇದೇ ತಪ್ಪು ದೆಹಲಿಯಲ್ಲೂ ಆಯ್ತು. 2011ರ ಅಕ್ಟೋಬರ್ 5ಕ್ಕೆ ಕೇಂದ್ರ ಸರಕಾರ ವಿದ್ಯಾರ್ಥಿಗಳಿಗೆ ಅಂತ ಆಕಾಶ್ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಜಗತ್ತಿನಲ್ಲೇ ಅಗ್ಗದ್ದು ಅಂತ ಸುದ್ದಿ. ಅದಕ್ಕೆ ವೈಫೈ ಮಾತ್ರ, ಸಿಮ್ ಜಾಗ ಇರಲಿಲ್ಲ. 2011ರಲ್ಲಿ ಯಾವ ಹಳ್ಳಿಯಲ್ಲಿ ವೈಫೈ ಇತ್ತು ಅಂತ ಕೇಳಿದ್ದರೆ ಸಾಕಿತ್ತು. ಆಮೇಲೆ ಅದೇ ಕಂಪನಿ ಅಂಗಡಿಯಲ್ಲಿ ಮಾರಿದ ಮಾದರಿಗೆ ಸಿಮ್ ಜಾಗ ಸೇರಿಸಿತು ಅನ್ನಿ.

ಈಗ ವಿಷಯಕ್ಕೆ ಬರ್ತೀವಿ. ನಮ್ಮೂರಲ್ಲಿ ಕೈಯಲ್ಲಿರೋ ಟ್ಯಾಬಿಗೆ ನೆಟ್ ತರೋ ದಾರಿ ನಾಲ್ಕು: ಟ್ಯಾಬಿನದೇ ಸಿಮ್, ಫೋನಿನ ಹಾಟ್‌ಸ್ಪಾಟ್, ಮನೆಗೆ ಫೈಬರ್ ಹಾಕಿಸಿ ವೈಫೈ, ಇಲ್ಲಾ ಊರಿನ ಸಾರ್ವಜನಿಕ ವೈಫೈ. ನಾಲ್ಕನೆಯದು ಬಹಳ ಕಡೆ ಕಾಗದದ ಮೇಲಿದೆ, ಅದಕ್ಕೆ ಕೊನೆಗೆ ಬರ್ತೀವಿ.

ಮೊದಲು ಸಿಗ್ನಲ್. ಎಲ್ಲರೂ ಕಡ್ಡಿ ಎಣಿಸ್ತಾರೆ, "ನಂದು ಎರಡು ಕಡ್ಡಿ ಅದ, ನಿಂದು?" ಅಂತ. ಕಡ್ಡಿ ನಂಬಬೇಡಿ. ಒಂದು ಕಂಪನಿಯ ಫೋನಿನ ಎರಡು ಕಡ್ಡಿ ಇನ್ನೊಂದು ಕಂಪನಿಯ ಮೂರು ಕಡ್ಡಿಗೆ ಸಮ ಇರಬಹುದು. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ಅಂತ ಇದೆ. ಅಲ್ಲಿ ಡಿಬಿಎಂ ಲೆಕ್ಕದಲ್ಲಿ ಸಂಖ್ಯೆ ಕಾಣ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 110 ದಾಟಿದರೆ ಕಷ್ಟ. ಇದು ಲಾಗರಿದಮ್ ಲೆಕ್ಕ ಅನ್ನೋದನ್ನ ನಿಮಗೆ ಹೇಳಬೇಕಿಲ್ಲ. ಮೈನಸ್ 95ಕ್ಕೂ ಮೈನಸ್ 115ಕ್ಕೂ ವ್ಯತ್ಯಾಸ ಇಪ್ಪತ್ತಲ್ಲ, ನೂರು ಪಟ್ಟು.

ಎರಡನೇದು ಬ್ಯಾಂಡ್. ನಮ್ಮ ಕಡೆ ಎರೆಭೂಮಿ, ಬಯಲು. ಗುಡ್ಡ ಅಡ್ಡ ಬರೋದು ಕಡಿಮೆ, ಆದರೆ ಟವರಿನಿಂದ ಟವರಿಗೆ ದೂರ ಜಾಸ್ತಿ. ಇಂಥಲ್ಲಿ ಕಡಿಮೆ ಆವರ್ತನ ಗೆಲ್ತದೆ. 2300 ಮೆಗಾಹರ್ಟ್ಸ್ ಬ್ಯಾಂಡಿಗೂ 850 ಮೆಗಾಹರ್ಟ್ಸಿಗೂ, ಬೇರೆಲ್ಲ ಸಮ ಅಂತ ಹಿಡಿದರೆ, ಖಾಲಿ ಜಾಗದ ನಷ್ಟದಲ್ಲೇ ಸುಮಾರು 8.6 ಡೆಸಿಬೆಲ್ ವ್ಯತ್ಯಾಸ ಬರ್ತದೆ, ಅಂದ್ರೆ ಏಳು ಪಟ್ಟು. ಗೋಡೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನಮ್ಮ ಹಳೇ ಮನೆಗಳು ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆಗಳು. ಬ್ಯಾಸಿಗಿಗೆ ತಂಪು, ಸಿಗ್ನಲ್ಲಿಗೆ ಸಮಾಧಿ. ತಗಡಿನ ಶೆಡ್ಡು ಅದಕ್ಕಿಂತ ಕೆಟ್ಟದ್ದು. ಬಿಎಸ್‌ಎನ್‌ಎಲ್ 4ಜಿ 700 ಮೆಗಾಹರ್ಟ್ಸಿನಲ್ಲೂ ಬರ್ತದೆ. ಟವರ್ ಹತ್ತಿರ ಇದ್ದು ನಿಮ್ಮ ಟ್ಯಾಬ್ ಬ್ಯಾಂಡ್ 28 ಹಿಡಿಯೋದಾದರೆ ಮನೆಯೊಳಗೆ ಅದು ಬೇರೆಯವಕ್ಕಿಂತ ಆಳಕ್ಕೆ ಇಳೀಬೇಕು. ಅಗ್ಗದ ಟ್ಯಾಬುಗಳಲ್ಲಿ ಎಷ್ಟೋ ಸಲ ಈ ಬ್ಯಾಂಡೇ ಇರೋದಿಲ್ಲ. ಸಿಮ್ ಇರೋ ಟ್ಯಾಬ್ ತಗೊಳ್ಳೋರು ಕ್ಯಾಮರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳೋದು ಬಿಟ್ಟು ಬಾಕ್ಸಿನ ಮೇಲಿನ ಬ್ಯಾಂಡ್ ಪಟ್ಟಿ ಓದಿ. ಟ್ಯಾಬಿನ ಕ್ಯಾಮರಾದಲ್ಲಿ ಮದುವೆ ಫೋಟೋ ತೆಗೆಯೋನು ಯಾರು?

ಮೂರನೇದು ಬಹಳ ಜನ ಮರೆಯೋದು, ಅಪ್‌ಲೋಡ್. "ಯೂಟ್ಯೂಬ್ ಆರಾಮ ಓಡ್ತದ, ಟೆಸ್ಟ್ ಮಾತ್ರ ಕಟ್ ಆಗ್ತದ, ಯಾಕಂತ ತಿಳಿವಲ್ದು" ಅಂತ ಹೇಳೋರನ್ನು ನೀವೂ ನೋಡಿರ್ತೀರಿ. ಟವರಿನ ರೇಡಿಯೋ ಇಪ್ಪತ್ತು, ನಲವತ್ತು ವಾಟಿನಲ್ಲಿ ಕೂಗ್ತದೆ. ನಿಮ್ಮ ಫೋನು 4ಜಿಯಲ್ಲಿ ಹೆಚ್ಚೆಂದರೆ 23 ಡಿಬಿಎಂ, ಅಂದ್ರೆ 200 ಮಿಲಿವಾಟ್. ಟವರಿನ ಮಾತು ನಿಮಗೆ ಕೇಳಿಸ್ತದೆ, ನಿಮ್ಮ ಮಾತು ಟವರಿಗೆ ಮುಟ್ಟೋದಿಲ್ಲ. ಸಿಗ್ನಲ್ಲಿನ ಅಂಚಿನಲ್ಲಿರೋ ಊರಲ್ಲಿ ಮೊದಲು ಸಾಯೋದು ಅಪ್‌ಲೋಡ್. ಕ್ಯಾಮರಾ ಆನ್ ಇಟ್ಟು ಎರಡು ತಾಸು ನಡೆಯೋ ಪ್ಲೇಸ್‌ಮೆಂಟ್ ಟೆಸ್ಟಿಗೆ ಬೇಕಾದ್ದು ಅದೇ.

ನಮ್ಮ ಗುಂಪಿನಲ್ಲೇ ಒಬ್ಬಳಿಗೆ ಹಿಂಗಾಯ್ತು. ರಜೆಯಲ್ಲಿ ಊರಿಂದ ಟೆಸ್ಟ್ ಕೊಡ್ತಿದ್ದಳು, ಮೂರನೇ ಸೆಕ್ಷನ್‌ನಲ್ಲಿ ಎರಡು ಸಲ ಸಂಪರ್ಕ ಹೋಯ್ತು, ಮೂರನೇ ಸಲಕ್ಕೆ ಪರದೆ ಮುಚ್ಚಿಕೊಂಡಿತು. ಕಂಪನಿಗೆ ಮೇಲ್ ಹಾಕಿದರೆ ನಿಯಮ ಅಂತ ಉತ್ತರ ಬಂತು. ಅವಳ ಮಾರ್ಕ್ಸ್ ಶೀಟಿನಲ್ಲಿ ಇದು ಎಲ್ಲೂ ಕಾಣೋದಿಲ್ಲ, ಶಾರ್ಟ್‌ಲಿಸ್ಟಿನಲ್ಲಿ ಹೆಸರಿಲ್ಲ ಅಷ್ಟೇ. ಬೆಂಗಳೂರಿನ ಪಿಜಿಯಲ್ಲಿ ಕೂತು ಬರೆದವನೂ ಅವಳೂ ಒಂದೇ ಪ್ರಶ್ನೆಪತ್ರಿಕೆ ಬರೆದರು, ಒಂದೇ ಪರೀಕ್ಷೆ ಬರೆಯಲಿಲ್ಲ.

ಇನ್ನು ದುಡ್ಡು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕು 28 ದಿನಕ್ಕೆ 300 ರೂಪಾಯಿ ಆಸುಪಾಸು ಅಂತ ಹಿಡೀರಿ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳೆಲ್ಲ ಒಂದೇ ವಾರ ದರ ಏರಿಸಿದ್ದು ನೆನಪಿರಬೇಕು. ತಿಂಗಳು ಅಂತ ಹೆಸರು, ಲೆಕ್ಕ 28 ದಿನ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. ಒಂದು ಸಿಮ್ಮಿಗೆ 3,900 ರೂಪಾಯಿ. ಮನೆಯಲ್ಲಿ ಮೂರು ಫೋನು, ಮೇಲೊಂದು ಟ್ಯಾಬು ಅಂದ್ರೆ 15,600. ಕೂಲಿಗೆ ಹೋಗೋ ಮನೆಗೆ, ಒಂದೆರಡು ಎಕರೆ ಹತ್ತಿ ಹಾಕೋ ಮನೆಗೆ ಇದು ಸಣ್ಣ ಮೊತ್ತ ಅಲ್ಲ. ದಿನದ ಕೋಟಾ ಮುಗಿದ ಮೇಲೆ ಸಿಗೋದು 64 ಕೆಬಿಪಿಎಸ್, ಸೆಕೆಂಡಿಗೆ 8 ಕಿಲೋಬೈಟ್. ಎರಡು ಎಂಬಿ ಪುಟ ತೆರೆಯೋಕೆ ನಾಲ್ಕು ನಿಮಿಷದ ಮೇಲೆ. ಸಿಂಪ್ಯೂಟರ್ ಕಾಲದ ಮೋಡೆಮ್ ಇದಕ್ಕಿಂತ ಬಹಳ ಹಿಂದೇನೂ ಇರಲಿಲ್ಲ.

ಫೈಬರಿನ ಕೆಳಗಿನ ಪ್ಯಾಕು ತಿಂಗಳಿಗೆ 400 ರೂಪಾಯಿ ಹಿಡಿದರೆ ಜಿಎಸ್‌ಟಿ ಸೇರಿ 472, ವರ್ಷಕ್ಕೆ 5,664. ಮನೆಮಂದಿಗೆಲ್ಲ ಸಾಕು. ಲೆಕ್ಕದಲ್ಲಿ ಫೈಬರೇ ಗೆದ್ದಿತು, ಆದರೆ ನಾಲ್ಕು ತಕರಾರು ಇವೆ. ಒಂದು, ಕರೆ ಮಾಡೋಕೆ ಫೋನಿಗೆ ಕನಿಷ್ಠ ರೀಚಾರ್ಜ್ ಬೇಕೇ ಬೇಕು, ಆ ಖರ್ಚು ಪೂರ್ತಿ ಉಳಿಯೋದಿಲ್ಲ. ಎರಡು, ಕಂಬದಿಂದ ಮನೆತನಕ ಎಳೆದ ತಂತಿಯನ್ನು ಜೆಸಿಬಿ ಕಡಿದರೆ ಬಂದು ಜೋಡಿಸೋನು ತಾಲೂಕಿನಿಂದ ಬರಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿದು ಕಂಬ ವಾಲಿಸೋದನ್ನ ಸಿವಿಲ್ ಗೆಳೆಯರು ನಮಗಿಂತ ಚೆನ್ನಾಗಿ ಹೇಳ್ತಾರೆ. ಮೂರು, ಎಲ್ಲ ಓಣಿಗೂ ತಂತಿ ಬಂದಿಲ್ಲ. ಊರಿಗೆ ಬಂದಿದೆ ಅಂದ್ರೆ ಅಗಸಿ ಹತ್ತಿರದ ನಾಲ್ಕು ಅಂಗಡಿಗೆ ಬಂದಿದೆ ಅಂತ ಅರ್ಥ ಆಗಿರಬಹುದು. ಕೇರಿಗೆ ಬಂದಿದೆಯಾ ಅಂತ ಬೇರೆಯಾಗಿ ಕೇಳಬೇಕು.

ನಾಲ್ಕನೇದು ಕರೆಂಟು. ಶಕ್ತಿನಗರದಲ್ಲಿ 1720 ಮೆಗಾವಾಟ್ ಸ್ಥಾವರ, ಯರಮರಸ್‌ನಲ್ಲಿ 1600 ಮೆಗಾವಾಟಿನದು, ಎರಡೂ ನಮ್ಮ ಜಿಲ್ಲೆಯಲ್ಲೇ. ಗಾಳಿ ಮಳೆ ಬಂದರೆ ಕರೆಂಟು ಹೋಗೋದೂ ನಮ್ಮ ಜಿಲ್ಲೆಯಲ್ಲೇ. ಕರೆಂಟು ಹೋದ ಕ್ಷಣ ಫೈಬರ್ ಪೆಟ್ಟಿಗೆ ಸತ್ತಿತು. ಫೋನಿಗೆ ಅದರದೇ ಬ್ಯಾಟರಿ ಇದೆ, ಟವರಿಗೂ ಬ್ಯಾಟರಿ ಇರ್ತದೆ. ಇದಕ್ಕೆ ಮದ್ದು ಇಲ್ಲದೇ ಇಲ್ಲ. ಹೆಚ್ಚಿನ ಪೆಟ್ಟಿಗೆಗಳು 12 ವೋಲ್ಟ್, ಒಂದು ಆಂಪಿಯರ್ ಒಳಗೆ ಕುಡಿಯೋವು. ಹಳೇ ಯುಪಿಎಸ್‌ನಿಂದ ಬಿಚ್ಚಿದ 12 ವೋಲ್ಟ್ 7 ಆಂಪಿಯರ್‌ಅವರ್ ಬ್ಯಾಟರಿ ಇದ್ದರೆ ಲೆಕ್ಕದಲ್ಲಿ ಏಳು ತಾಸು, ನಿಜದಲ್ಲಿ ಮೂರು ನಾಲ್ಕು ತಾಸು ಎಳೀತದೆ. ಚಾರ್ಜಿಂಗ್ ಸರ್ಕ್ಯೂಟ್ ಮಾಡೋಕೆ ಬರೋದಿಲ್ಲ ಅಂದ್ರೆ ಮಿನಿ ಯುಪಿಎಸ್ ಅಂತ ಅಂಗಡಿಯಲ್ಲೇ ಸಿಗ್ತದೆ. ಮೂರನೇ ವರ್ಷದ ಇಇ ವಿದ್ಯಾರ್ಥಿ ಅದನ್ನು ಕೊಂಡುತಂದರೆ ನಾವು ನಗ್ತೀವಿ ಅಷ್ಟೇ.

ಹಾಗಾದರೆ ಫೈಬರ್ ಬಾರದ ಮನೆಯಲ್ಲಿ? ಇಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ ಇದೆ: ಟ್ಯಾಬಿಗೆ ವೈಫೈ ಸಾಕು, ಸಿಮ್ಮಿಗೆ ಕೊಡೋ ಹೆಚ್ಚಿನ ದುಡ್ಡು ಉಳಿಸಿ. ಕಾರಣ ಅಗ್ಗ ಅನ್ನೋದಲ್ಲ. ಸಿಗ್ನಲ್ ಇರೋ ಜಾಗವೂ ಓದೋ ಜಾಗವೂ ನಮ್ಮೂರಲ್ಲಿ ಒಂದೇ ಅಲ್ಲ. ಸಿಗ್ನಲ್ ಇರೋದು ಮಾಳಿಗೆ ಮೇಲೆ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟಿದ ಮೇಲೆ ಅಲ್ಲಿ ಕೂತು ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಓದೋನು ಯಾವ ಪುಣ್ಯಾತ್ಮ? ಸಿಮ್ ಟ್ಯಾಬಿನೊಳಗೇ ಇದ್ದರೆ ಟ್ಯಾಬೂ ನೀವೂ ಸಿಗ್ನಲ್ ಇರೋ ಕಡೆ ಹೋಗಬೇಕು. ಬೇರೆ ಫೋನಿನಲ್ಲಿದ್ದರೆ ಆ ಫೋನನ್ನು ಬೆಳಕಿಂಡಿಯಲ್ಲಿ, ನೆರಳಿರೋ ಕಿಟಕಿಯಲ್ಲಿ ಇಟ್ಟು ನೀವು ಪಡಸಾಲಿಯಲ್ಲಿ ತಂಪಾಗಿ ಕೂಡಬಹುದು. ಹೊರಗಿನ ಕಿಲೋಮೀಟರ್‌ಗಳನ್ನ 4ಜಿ ದಾಟಲಿ, ಒಳಗಿನ ಹತ್ತು ಮೀಟರನ್ನ ವೈಫೈ ದಾಟಲಿ.

ಇದಕ್ಕೆ ಹೊಸ ಡಾಂಗಲ್ ಬೇಡ. ಗಾಜು ಒಡೆದು ಮೂಲೆಗೆ ಬಿದ್ದಿರೋ ಹಳೇ 4ಜಿ ಫೋನು ಸಾಕು. ಅದಕ್ಕೊಂದು ಸಿಮ್ ಹಾಕಿ, ಚಾರ್ಜರಿಗೆ ಹಚ್ಚಿ, ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸಿಗೆ ಇಡಿ, 5 ಗಿಗಾಹರ್ಟ್ಸ್ ಮಣ್ಣಿನ ಗೋಡೆ ದಾಟೋದಿಲ್ಲ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಬೇಡವೇ ಬೇಡ. ಹೊತ್ತಿಕೊಂಡೀತು. ಬರೀ ಅರ್ಜಿ ತುಂಬೋದಿದ್ದರೆ ಬ್ಲೂಟೂತ್ ಟೆದರಿಂಗ್ ಸಾಕು, ನಿಧಾನ ಆದರೂ ಬ್ಯಾಟರಿ ಕುಡಿಯೋದಿಲ್ಲ. ಲ್ಯಾಪ್‌ಟಾಪ್ ಇದ್ದೋರು ಯುಎಸ್‌ಬಿ ಟೆದರಿಂಗ್ ಮಾಡಿ, ಫೋನು ಚಾರ್ಜೂ ಆಗ್ತದೆ. ಕೆಲವು ಟ್ಯಾಬುಗಳು ಯುಎಸ್‌ಬಿಯಲ್ಲಿ ನೆಟ್ ತಗೊಳ್ಳೋದಿಲ್ಲ, ಅದನ್ನ ಗೆಳೆಯನ ಟ್ಯಾಬಿನಲ್ಲಿ ಮೊದಲೇ ನೋಡಿಕೊಳ್ಳಿ. ಇನ್ನೊಂದು ಮಾತು: ಐಪ್ಯಾಡಿನ ವೈಫೈ ಮಾದರಿಯಲ್ಲಿ ಜಿಪಿಎಸ್ ಇರೋದಿಲ್ಲ. ಸರ್ವೇ ಕೆಲಸಕ್ಕೆ ಒಯ್ಯೋರು ಇದನ್ನು ಗಮನಿಸಿ.

"ಮನಿ ಫೋನ್" ಅಂತ ನಾವು ಇದಕ್ಕೆ ಹೆಸರಿಟ್ಟಿದ್ದೀವಿ. ಈ ಹೆಸರಿನಲ್ಲೇ ನಮ್ಮ ವಾದ ಇದೆ. ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಫೋನು ಮನೆಯದು. ಯಾರು ಹೊರಗೆ ಹೋದರೂ ಅದು ಗೂಡಿನಲ್ಲೇ ಇರ್ತಿತ್ತು. ಮೊಬೈಲ್ ಬಂದ ಮೇಲೆ ಫೋನು ಮನುಷ್ಯನದು ಆಯ್ತು. ನೆಟ್ಟೂ ಅವನ ಜೇಬಿಗೆ ಹೋಯ್ತು. ಅಣ್ಣ ಬೈಕ್ ಹತ್ತಿ ಸಿರವಾರಕ್ಕೆ ಹೋದರೆ ಮನೆಯ ನೆಟ್ಟೂ ಸಿರವಾರಕ್ಕೆ ಹೋಯ್ತು. ಅಪ್ಪ ಗದ್ದೆಗೆ ನೀರು ಕಟ್ಟೋಕೆ ಹೋದರೆ ನೆಟ್ಟು ಕಾಲುವೆ ದಂಡೆ ಮೇಲೆ. ತಂಗಿ ಮನೆಯಲ್ಲಿ ಟ್ಯಾಬ್ ಹಿಡಕೊಂಡು ಕೂತಿರ್ತಾಳೆ. ಸಂಜೆ ಅಣ್ಣ ಬಂದ ಮೇಲೆ "ಯಣ್ಣಾ, ಒಂದೀಟು ಹಾಟ್‌ಸ್ಪಾಟ್ ಹಚ್ಚು" ಅಂತ ಕೇಳಬೇಕು. ಅವನು "ಯಾತಕ್ಕ?" ಅಂತಾನೆ. ಆ "ಯಾತಕ್ಕ"ಕ್ಕೆ ದಿನಾ ಉತ್ತರ ಕೊಡಬೇಕು. ಎಷ್ಟು ಹುಡುಗಿಯರು ಕೇಳೋದನ್ನೇ ಬಿಟ್ಟಿದ್ದಾರೆ ಅನ್ನೋದು ನಮ್ಮ ಕ್ಲಾಸಿನ ಹುಡುಗಿಯರನ್ನು ಕೇಳಿದರೆ ಗೊತ್ತಾಗ್ತದೆ.

ಇದು ನಮ್ಮ ಊಹೆ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, 2019–21ರದ್ದು, ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು 33. ಹಳ್ಳಿಯಲ್ಲಿ ಹೆಂಗಸರು ನೂರಕ್ಕೆ 25ರಷ್ಟು. ತಾನೇ ಬಳಸೋ ಮೊಬೈಲ್ ಇದ್ದ ಹೆಂಗಸರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆಮೇಲೆ ಪರಿಸ್ಥಿತಿ ಸುಧಾರಿಸಿರಬೇಕು. ಆದರೆ ಸಮೀಕ್ಷೆಯಲ್ಲಿ ಹಾಟ್‌ಸ್ಪಾಟ್ ಕೇಳಿ ಪಡೆಯೋಳೂ "ಬಳಸ್ತಾಳೆ" ಅಂತಲೇ ಲೆಕ್ಕ.

ಇಲ್ಲಿಗೆ ಬಂದಾಗ ನಮ್ಮಲ್ಲೇ ಜಗಳ ಆಯ್ತು. ಗುಂಪಿನ ಇಬ್ಬರು ಹುಡುಗಿಯರು ಹೇಳಿದ್ದು: "ನೀವು ಡಿಬಿಎಂ ಲೆಕ್ಕ ಹಾಕಿ ವೈಫೈ ಟ್ಯಾಬ್ ಅಂತೀರಿ. ಮನಿ ಫೋನ್ ಇಟ್ಟರೂ ಪಾಸ್‌ವರ್ಡ್ ಯಾರ ಕೈಯಾಗ ಇರ್ತದ? ನಮಗ ಸಿಮ್ ಇರೋದೇ ಬೇಕು." ಒಪ್ಪಬೇಕಾದ ಮಾತು. ಮನೆಯಲ್ಲಿ ಬೇರೆ ಸಿಮ್ ಕೊಡಿಸೋದಿಲ್ಲ, "ಹುಡುಗಿಗೆ ಯಾಕ ನಂಬರ್" ಅನ್ನೋರು, ಓದೋಕೆ ಟ್ಯಾಬ್ ಅಂದ್ರೆ ಕೊಡಿಸ್ತಾರೆ. ಟ್ಯಾಬಿನೊಳಗಿನ ಸಿಮ್ಮನ್ನು ಯಾರೂ ಫೋನು ಅಂತ ನೋಡೋದಿಲ್ಲ. ಮಾಳಿಗೆ ಹತ್ತಬೇಕಾದರೂ ಪರವಾಗಿಲ್ಲ, ಯಾರನ್ನೂ ಕೇಳಬೇಕಿಲ್ಲ. ಹಂಗಾಗಿ ನಮ್ಮ ಸಲಹೆ ಎರಡಾಗಿ ಒಡೆಯಿತು: ಮನೆಯಲ್ಲಿ ನೆಟ್ಟು ಕೇಳದೆ ಸಿಗೋರಿಗೆ ವೈಫೈ ಟ್ಯಾಬ್, ಕೇಳಿ ಪಡೀಬೇಕಾದೋರಿಗೆ ಸಿಮ್ ಟ್ಯಾಬ್. ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಈ ಸಾಲು ಯಾವ ಕಂಪನಿಯೂ ಹಾಕೋದಿಲ್ಲ.

ಇಷ್ಟೆಲ್ಲ ಆದರೂ ಇದು ಒಂದೊಂದು ಮನೆ ತಾನೇ ಹುಡುಕಿಕೊಂಡ ಉಪಾಯ. ಊರು ಅಂತ ಏನು ಮಾಡಬೇಕು?

ಒಮ್ಮೆ ನಮ್ಮ ರಾಜ್ಯದಲ್ಲಿ ಇದಕ್ಕೊಂದು ದಾರಿ ಕಂಡಿತ್ತು. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆ ಅಂತ ಮಾಡಿದ 128 ಲೈನಿನ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲು ಕೂತದ್ದು ಕಿತ್ತೂರಿನಲ್ಲಿ, 1986ರಲ್ಲಿ. ಎಸಿ ಬೇಡ, ಧೂಳು ಬಿಸಿಲು ತಡೆದುಕೊಂಡು ನಡೆಯಬೇಕು ಅನ್ನೋದು ಅದರ ವಿನ್ಯಾಸದ ಷರತ್ತು. ಮನೆಗೊಂದು ಫೋನು ಆಗೋವರೆಗೆ ಕಾಯದೆ ಊರಿಗೊಂದು ಬೂತು ಸಾಕು ಅನ್ನೋ ಯೋಚನೆ ಅದರ ಜೊತೆಗೇ ಬೆಳೆಯಿತು. ಬೂತಿಗೆ ಯಾರು ಬೇಕಾದರೂ ಹೋಗಬಹುದಿತ್ತು, ರೊಕ್ಕ ಕೊಟ್ಟು ಮಾತಾಡಬಹುದಿತ್ತು, "ಯಾತಕ್ಕ" ಅಂತ ಕೇಳೋರಿಲ್ಲ.

ಈಗ ಪಂಚಾಯತಿತನಕ ಫೈಬರ್ ಎಳೆಯೋ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರಿನಲ್ಲಿ. ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯ್ತು. ಎರಡೂವರೆ ಲಕ್ಷ ಗ್ರಾಮ ಪಂಚಾಯತಿ ಗುರಿ. ಅಂದ್ರೆ ಫೈಬರ್ ಬಂದು ನಿಲ್ಲೋದು ಪಂಚಾಯತಿ ಕಟ್ಟಡದಲ್ಲಿ. ಅಲ್ಲಿಂದ ಓಣಿಗೆ ಒಯ್ಯೋ ಕೆಲಸ ಉಳಿದದ್ದು. 2020ರ ಡಿಸೆಂಬರಿನಲ್ಲಿ ಪಿಎಂ-ವಾಣಿ ಅಂತ ಇನ್ನೊಂದು ಬಂತು. ಕಿರಾಣಿ ಅಂಗಡಿಯವನು, ಚಹಾ ಹೋಟೆಲಿನವನು ಲೈಸೆನ್ಸ್ ಇಲ್ಲದೆ ವೈಫೈ ಹಂಚಿ ಚಿಲ್ಲರೆ ಲೆಕ್ಕದಲ್ಲಿ ಮಾರಬಹುದು. ಹಂಗೆ ಮಾರೋ ಅಂಗಡಿಗೆ ಪಬ್ಲಿಕ್ ಡೇಟಾ ಆಫೀಸ್, ಚಿಕ್ಕದಾಗಿ ಪಿಡಿಒ, ಅಂತ ಹೆಸರು. ಈ ಹೆಸರು ಇಟ್ಟೋರು ಕರ್ನಾಟಕಕ್ಕೆ ಬಂದಿರಲಿಕ್ಕಿಲ್ಲ. ನಮ್ಮೂರಲ್ಲಿ ಹೋಗಿ "ಪಿಡಿಒ ಎಲ್ಲಿ ಅದಾರ?" ಅಂದ್ರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಕೋಣೆ ತೋರಿಸ್ತಾರೆ, "ಇವತ್ತ ಬಂದಿಲ್ರಿ" ಅಂತ ಸೇರಿಸ್ತಾರೆ.

ಪಿಎಂ-ವಾಣಿಗೆ ನಮ್ಮ ಬೆಂಬಲ ಅರ್ಧ. ಮನೆಗೆ ತಗೊಂಡ ಕನೆಕ್ಷನ್ನನ್ನು ಪಕ್ಕದ ನಾಲ್ಕು ಮನೆಗೆ ಹಂಚಿ ದುಡ್ಡು ತಗೊಳ್ಳೋದು ನಿಯಮಕ್ಕೆ ಹೊರಗಿನದು. ನಾಳೆ ಯಾರೋ ಏನೋ ಮಾಡಿದರೆ ಹೆಸರು ಕನೆಕ್ಷನ್ ಇದ್ದೋರದ್ದು. ವಾಣಿಯಲ್ಲಿ ಪ್ರತಿಯೊಬ್ಬರೂ ಒಟಿಪಿ ಕೊಟ್ಟು ಒಳಗೆ ಬರೋದರಿಂದ ಆ ಭಯ ಇಲ್ಲ. ಮನೆ ಬಾಗಿಲಲ್ಲೇ ಇರೋ ಅಂಗಡಿಯ ವೈಫೈ ಮನೆಯೊಳಗೂ ಬಂದರೆ ಒಳ್ಳೇದೇ. ಆದರೆ ಅದು ಹೋಟೆಲಿನ ಕಟ್ಟೆಗೆ ಮಾತ್ರ ಸಿಕ್ಕರೆ ಅಲ್ಲಿ ಕೂಡೋರು ಯಾರು? ಸಂಜೆ ಏಳಕ್ಕೆ ಹೋಟೆಲ್ ಕಟ್ಟೆಯ ಮೇಲೆ ಟ್ಯಾಬ್ ಹಿಡಕೊಂಡು ಕೂತ ಹುಡುಗಿಯನ್ನು ನಮ್ಮ ಯಾವ ಊರಲ್ಲೂ ನಾವು ನೋಡಿಲ್ಲ.

ಅದಕ್ಕೆ ನಮ್ಮ ಕಣ್ಣು ಅರಿವು ಕೇಂದ್ರದ ಮೇಲಿದೆ. ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೇ ಈಗ ಆ ಹೆಸರು. ಗ್ರಾಮೀಣಾಭಿವೃದ್ಧಿ ಇಲಾಖೆಯಡಿ ಬಂದ ಮೇಲೆ ಈ ಗ್ರಂಥಾಲಯಗಳನ್ನ ಡಿಜಿಟಲ್ ಮಾಡೋ ಕೆಲಸ ನಡೆದಿದೆ, ಕೆಲವು ಕಡೆ ಕಂಪ್ಯೂಟರು, ಟಿವಿ, ಮೊಬೈಲ್ ಇಟ್ಟಿದ್ದಾರೆ. ಯಂತ್ರ ಇದ್ದಷ್ಟು ಕಡೆ ನಾವು ಸಂತೋಷ ಪಡ್ತೀವಿ. ಆದರೆ ಮತ್ತೆ ಅದೇ ಸಿಂಪ್ಯೂಟರ್ ಯೋಚನೆ: ಯಂತ್ರ ಇಡೋಣ, ಹಂಚಿಕೊಳ್ಳಲಿ. ಯಂತ್ರ ನಮ್ಮ ಹತ್ತಿರ ಇದೆ. 2021ರಲ್ಲಿ ರಾಜ್ಯ ಸರಕಾರವೇ ಸರಕಾರಿ ಪದವಿ, ಇಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ ಕೊಟ್ಟಿತು. ನಮಗೆ ಅಲ್ಲಿ ಬೇಕಾದ್ದು ಮೂರು. ಕಿಟಕಿ ಆಚೆಗೂ ಕೇಳಿಸೋ ಒಂದು ವೈಫೈ. ಕರೆಂಟು ಹೋದರೆ ನಾಲ್ಕು ತಾಸು ನಡೆಸೋ ಬ್ಯಾಟರಿ. ಪರೀಕ್ಷೆ ಬರೆಯೋರಿಗೆ ಅಂತ ಬಾಗಿಲು ಹಾಕಿಕೊಂಡು ಕೂಡೋ ಒಂದು ಮೂಲೆ, ಎರಡು ಕುರ್ಚಿ. ಗ್ರಂಥಾಲಯಕ್ಕೆ ಹೋಗ್ತೀನಿ ಅಂದ್ರೆ ಅಪ್ಪ ಕಳಿಸ್ತಾನೆ, ಅದು ಹೋಟೆಲ್ ಕಟ್ಟೆ ಅಲ್ಲ.

"ಫ್ರೀ ವೈಫೈ ಕೊಟ್ಟರೆ ಹುಡುಗರು ರೀಲ್ಸ್ ನೋಡ್ತಾ ಕೂಡ್ತಾರೆ" ಅಂತ ಹಿರಿಯರು ಹೇಳ್ತಾರೆ. ಹೌದ್ರಿ, ನೋಡ್ತಾರೆ. ಈಗ ಜೇಬಿನ ಡೇಟಾದಲ್ಲಿ ನೋಡ್ತಾ ಇದ್ದಾರಲ್ಲ, ಅದನ್ನೇ ನೋಡ್ತಾರೆ. ರೂಟರಿನಲ್ಲಿ ಒಬ್ಬೊಬ್ಬರಿಗೆ ಇಷ್ಟು ವೇಗ, ಪರೀಕ್ಷೆ ಮೂಲೆಗೆ ಮೊದಲ ಆದ್ಯತೆ ಅಂತ ಇಡೋದು ಹತ್ತು ನಿಮಿಷದ ಕೆಲಸ. ನಮ್ಮಲ್ಲಿ ಯಾರು ಬೇಕಾದರೂ ಬಂದು ಮಾಡಿಕೊಡ್ತೀವಿ, ಚಹಾ ಕೊಟ್ಟರೆ ಸಾಕು.

ಕೇಳಬೇಕಾದ ಜಾಗ ಗ್ರಾಮಸಭೆ. ಸುಮ್ಮನೆ "ನೆಟ್ ಬರವಲ್ದು" ಅಂದ್ರೆ "ನಮ್ಮಲ್ಲೂ ಬರವಲ್ದು" ಅಂತ ನಕ್ಕು ಮುಗಿಸ್ತಾರೆ. ಸಂಖ್ಯೆ ಇಟ್ಟು ಕೇಳಿದರೆ ಬರೆದುಕೊಳ್ಳಬೇಕಾಗ್ತದೆ. ಈ ರಜೆಯಲ್ಲಿ ಊರಿಗೆ ಹೋದಾಗ ನಾಲ್ಕು ಕಡೆ ಡಿಬಿಎಂ ನೋಡಿ: ಮನೆಯ ಒಳಕೋಣೆ, ಮಾಳಿಗೆ, ಬಸ್ ಸ್ಟ್ಯಾಂಡ್, ಅರಿವು ಕೇಂದ್ರ. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ. ಜೊತೆಗೆ ಅಪ್‌ಲೋಡ್ ವೇಗ. ಅರಿವು ಕೇಂದ್ರ ಎಷ್ಟು ಹೊತ್ತಿಗೆ ತೆಗೀತಾರೆ, ಎಷ್ಟಕ್ಕೆ ಮುಚ್ತಾರೆ ಅನ್ನೋದನ್ನೂ ಬರೆದುಕೊಳ್ಳಿ. ಮಲ್ಲಟದ ಪಟ್ಟಿಯನ್ನು ನಾವು ಶುರು ಮಾಡಿದ್ದೀವಿ. ಗ್ರಾಮಸಭೆಗೆ ಕೊಡೋ ಅರ್ಜಿಯ ಮಾದರಿಯನ್ನೂ ಬರೆದು ಸಂಘದ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದೀವಿ. ಊರಿನ ಹೆಸರಿಗೂ ಅಂಕಿಗಳಿಗೂ ಅದರಲ್ಲಿ ಜಾಗ ಖಾಲಿ ಬಿಟ್ಟಿದೆ.